ರಾಯಚೂರು–ಕೊಪ್ಪಳ: ಹಂಚಿದ ಕಬ್ಬಿಣದ ಮಾತ್ರೆಗಳಲ್ಲಿ ನುಂಗಿದ್ದೆಷ್ಟು?

ಗರ್ಭಿಣಿಯರಿಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಎಷ್ಟು ವಿತರಣೆಯಾಯಿತು ಎಂಬ ಲೆಕ್ಕ ಉಪಕೇಂದ್ರದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಜಿಲ್ಲೆಗೆ, ರಾಜ್ಯಕ್ಕೆ ಪ್ರತಿ ತಿಂಗಳೂ ಹೋಗುತ್ತದೆ. 180 ಮಾತ್ರೆ ಪಡೆದ ಗರ್ಭಿಣಿಯರ ಸಂಖ್ಯೆಯೇ ಆ ವರದಿಯ ಮುಖ್ಯ ಅಂಕಿ. ಅದು ಏರಿದರೆ ಜಿಲ್ಲೆಯ ಸಾಧನೆ ಏರಿದಂತೆ, ಇಳಿದರೆ ಸಭೆಯಲ್ಲಿ ಕಾರಣ ಕೇಳಲಾಗುತ್ತದೆ. ಆದರೆ ಕೊಟ್ಟ ಮಾತ್ರೆಗಳಲ್ಲಿ ನುಂಗಿದ್ದೆಷ್ಟು, ಜಂತಿಯ ಸಂದಿಯಲ್ಲೋ ಅಕ್ಕಿ ಡಬ್ಬಿಯ ಹಿಂದೆಯೋ ಉಳಿದದ್ದೆಷ್ಟು ಎಂಬುದನ್ನು ಆ ವರದಿ ಕೇಳುವುದೇ ಇಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಗರ್ಭಿಣಿಯರ ರಕ್ತಹೀನತೆಯ ಮಾತು ಬಂದಾಗಲೆಲ್ಲ 'ಮಾತ್ರೆ ಕೊಟ್ಟರೂ ತಿನ್ನುವುದಿಲ್ಲ' ಎಂಬ ಒಂದೇ ವಾಕ್ಯದಲ್ಲಿ ಚರ್ಚೆ ಮುಗಿದುಹೋಗುತ್ತದೆ. ತಿನ್ನದಿರುವುದು ಹೆಣ್ಣುಮಕ್ಕಳ ನಿರ್ಲಕ್ಷ್ಯ ಎಂಬ ತೀರ್ಪು ಆ ವಾಕ್ಯದೊಳಗೇ ಅಡಗಿದೆ. ಮಾತ್ರೆಯ ಸರಪಳಿ ಎಲ್ಲೆಲ್ಲಿ ಕಡಿಯುತ್ತದೆ ಎಂದು ತಾಳ್ಮೆಯಿಂದ ಹಿಂಬಾಲಿಸಿ ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ. ಬಹುಪಾಲು ಕೊಂಡಿಗಳು ಕಡಿಯುವುದು ಮಾತ್ರೆ ಕೊಟ್ಟವರು ಮತ್ತೆ ತಿರುಗಿ ನೋಡದ ಜಾಗದಲ್ಲಿ.

ಮೊದಲು ದೊಡ್ಡ ಚಿತ್ರ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ಪೈಕಿ ಶೇ 52.2 ಮಂದಿಗೆ, ಕರ್ನಾಟಕದಲ್ಲಿ ಶೇ 45.7 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಅದಕ್ಕೂ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಇದೇ ಅಂಕಿಗಳು ಕ್ರಮವಾಗಿ ಶೇ 50.4 ಮತ್ತು ಶೇ 45.4 ಇದ್ದವು. ಈ ಎರಡು ಸಮೀಕ್ಷೆಗಳ ನಡುವೆ 100 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮಾತ್ರೆ ಸೇವಿಸಿದೆವು ಎಂದ ತಾಯಂದಿರ ಪ್ರಮಾಣ ದೇಶದಲ್ಲಿ ಶೇ 30.3ರಿಂದ ಶೇ 44.1ಕ್ಕೆ ಏರಿತು, 180 ದಿನ ಪೂರ್ತಿಗೊಳಿಸಿದವರು ಶೇ 26 ಮಾತ್ರ. ಸೇವನೆ ಇಷ್ಟು ಏರಿದರೂ ರಕ್ತಹೀನತೆ ಇಳಿಯಲಿಲ್ಲ. ಬೆರಳ ತುದಿಯ ರಕ್ತದ ಹನಿಯಿಂದ ಹಿಮೋಗ್ಲೋಬಿನ್ ಅಳೆಯುವ ಸಮೀಕ್ಷೆಯ ವಿಧಾನದ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ, ನಿಜ. ಅಳತೆಯ ದೋಷವನ್ನು ಎಷ್ಟೇ ಕಳೆದರೂ, ಆರಂಭದ ಸ್ಥಿತಿಯೇ ಕೆಟ್ಟದ್ದು ಎಂಬ ಸಂಗತಿ ಉಳಿಯುತ್ತದೆ. 15ರಿಂದ 49 ವರ್ಷದೊಳಗಿನ ಎಲ್ಲ ಮಹಿಳೆಯರನ್ನು ತೆಗೆದುಕೊಂಡರೆ ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಶೇ 47.8 ಮಂದಿ ರಕ್ತಹೀನರು. ಅಂದರೆ ಬಸುರಾಗುವ ಹೊತ್ತಿಗೇ ಹೆಣ್ಣುಮಗಳ ದೇಹದ ಕಬ್ಬಿಣದ ಕಣಜ ಖಾಲಿ ಇರುತ್ತದೆ. ಹದಿನೆಂಟು ತುಂಬುವ ಮುನ್ನವೇ ಮದುವೆ ಮುಗಿಸುವ ರೂಢಿ ಇನ್ನೂ ಬಿಡದ ಈ ಜಿಲ್ಲೆಗಳಲ್ಲಿ, ತನ್ನ ಬೆಳವಣಿಗೆಯೇ ಮುಗಿಯದ ಹುಡುಗಿ ಮಗುವಿಗೂ ಕಬ್ಬಿಣ ಒದಗಿಸಬೇಕಾಗುತ್ತದೆ.

ಒಂದು ಬಸುರಿನ ಅವಧಿಯಲ್ಲಿ ಹೆಣ್ಣಿನ ದೇಹಕ್ಕೆ ಹೆಚ್ಚುವರಿಯಾಗಿ ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ತಾಯಿಯ ರಕ್ತದ ಪ್ರಮಾಣ ಹೆಚ್ಚುವುದಕ್ಕೆ ಸುಮಾರು ಅರ್ಧ, ಮಗು ಮತ್ತು ಮಾಸಿಗೆ ಸುಮಾರು 300, ಉಳಿದದ್ದು ದೇಹದ ದೈನಂದಿನ ನಷ್ಟಕ್ಕೆ. ಸರ್ಕಾರದ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. 180 ಮಾತ್ರೆಗಳ ಕಬ್ಬಿಣ ಒಟ್ಟು 10,800 ಮಿಲಿಗ್ರಾಂ. ಅದರಲ್ಲಿ ಹತ್ತನೆಯ ಒಂದು ಭಾಗ ರಕ್ತಕ್ಕೆ ಸೇರಿದರೂ ಸಾವಿರದ ಲೆಕ್ಕ ತುಂಬುತ್ತದೆ. 180 ಎಂಬ ಸಂಖ್ಯೆ ಕಚೇರಿಯ ಗುರಿ ಮಾತ್ರವಲ್ಲ, ದೇಹದ ಲೆಕ್ಕಕ್ಕೂ ಅದು ಹೊಂದುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಅರ್ಧಕ್ಕೇ ಬಿಟ್ಟರೆ ಅರ್ಧ ಕೊರತೆ ಉಳಿಯುತ್ತದೆ, ಆ ಕೊರತೆ ತುಂಬುವಷ್ಟು ಕಬ್ಬಿಣ ಜೋಳದ ರೊಟ್ಟಿಯಿಂದಾಗಲಿ, ಪಡಿತರದ ಅಕ್ಕಿಯಿಂದಾಗಲಿ ಆ ಕೆಲವು ತಿಂಗಳಲ್ಲಿ ಬರುವುದಿಲ್ಲ. ಪುಂಡಿಪಲ್ಯ, ಮೆಂತ್ಯ, ಗುರೆಳ್ಳು, ಶೇಂಗಾ ಇವೆಲ್ಲ ಒಳ್ಳೆಯವೇ, ದಿನಾ ತಟ್ಟೆಯಲ್ಲಿರಬೇಕಾದವೇ. ಆದರೆ ಸಸ್ಯಮೂಲದ ಕಬ್ಬಿಣ ಕರುಳಿನಲ್ಲಿ ಹೀರಿಕೊಳ್ಳುವುದು ಕಡಿಮೆ, ಧಾನ್ಯದಲ್ಲಿರುವ ಫೈಟೇಟ್ ಅದನ್ನು ಮತ್ತಷ್ಟು ತಡೆಯುತ್ತದೆ. ಸೊಪ್ಪು ತಿಂದರೆ ಮಾತ್ರೆ ಬೇಡ ಎಂಬ ಸಲಹೆ ಬಸುರಿಯ ವಿಷಯದಲ್ಲಿ ಅಪಾಯಕಾರಿ.

180ರ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ಹೆಚ್ಚು ಹೇಳುವುದಿಲ್ಲ. 2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮದ ನಿಯಮದಂತೆ ಮಾತ್ರೆ ಶುರುವಾಗುವುದು ನಾಲ್ಕನೆಯ ತಿಂಗಳಿನಿಂದ. ನಲವತ್ತು ವಾರದ ಬಸುರು 280 ದಿನ. ಮೊದಲ ಹದಿಮೂರು ವಾರದ 91 ದಿನ ಕಳೆದರೆ ಉಳಿಯುವುದು 189 ದಿನ. ಹೆರಿಗೆ ಮೂವತ್ತೆಂಟನೆಯ ವಾರಕ್ಕೇ ಆದರೆ, ಉಳಿಯುವುದು 175 ದಿನ. ಅಂದರೆ ನಾಲ್ಕನೆಯ ತಿಂಗಳ ಮೊದಲ ದಿನವೇ ಮಾತ್ರೆ ಕೈಗೆ ಬಂದು, ಒಂದು ದಿನವೂ ತಪ್ಪದೆ ನುಂಗಿದ ಹೆಣ್ಣುಮಗಳಿಗೂ ಹೆರಿಗೆ ಸ್ವಲ್ಪ ಮೊದಲೇ ಆದರೆ 180 ಮುಟ್ಟುವುದಿಲ್ಲ. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನು ಹೊರಗೆ ಹೇಳಬಾರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹೀಗಾಗಿ ಐದನೆಯ ತಿಂಗಳಲ್ಲಿ ತಾಯಿ ಕಾರ್ಡ್ ಪಡೆದವಳು ಎಷ್ಟೇ ಶ್ರದ್ಧೆಯಿಂದ ಮಾತ್ರೆ ತೆಗೆದುಕೊಂಡರೂ ಸಮೀಕ್ಷೆಯ ಲೆಕ್ಕದಲ್ಲಿ '180 ದಿನ ಪೂರೈಸದವಳು' ಎಂದೇ ಉಳಿಯುತ್ತಾಳೆ. ಆದ್ದರಿಂದ ಶೇ 26 ಎಂಬ ಅಂಕಿಯನ್ನು ಓದುವಾಗ ಅದರಲ್ಲಿ ತಡವಾದ ನೋಂದಣಿಯ ಪಾಲೆಷ್ಟು, ಮಾತ್ರೆ ಬಿಟ್ಟವರ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಬೇಕು. ಎರಡಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಬೇಕಾದದ್ದು ಮುಟ್ಟು ತಪ್ಪಿದ ಸುದ್ದಿ ಆಶಾ ಕಾರ್ಯಕರ್ತೆಗೆ ಬೇಗ ತಲುಪುವ ವಿಶ್ವಾಸದ ಸಂಬಂಧ.

ಎರಡನೆಯದು, ಅಂದರೆ ಮಾತ್ರೆ ಶುರು ಮಾಡಿ ಬಿಡುವುದು, ಬಹಳ ಸಲ ನಡೆಯುವುದು ಮೊದಲ ಹತ್ತು ಹದಿನೈದು ದಿನಗಳಲ್ಲೇ. ಕಬ್ಬಿಣದ ಲವಣ ಹೊಟ್ಟೆಗೆ ಹಿತವಾದ ವಸ್ತುವಲ್ಲ. ಬಾಯಲ್ಲಿ ತುಕ್ಕಿನ ರುಚಿ, ಹೊಟ್ಟೆ ತೊಳಸುವುದು, ಎದೆಯುರಿ, ಮಲಬದ್ಧತೆ, ಕೆಲವರಿಗೆ ಭೇದಿ, ಬಹುತೇಕ ಎಲ್ಲರಿಗೂ ಕಪ್ಪು ಮಲ. ನಾಲ್ಕನೆಯ ತಿಂಗಳೆಂದರೆ ಬಯಕೆಯ ವಾಂತಿ ಆಗತಾನೇ ತಗ್ಗುತ್ತಿರುವ ಕಾಲ. ನಿಂತ ವಾಂತಿ ಮಾತ್ರೆಯಿಂದ ಮರಳಿ ಶುರುವಾದರೆ ಹೆಣ್ಣುಮಗಳು ಮಾಡುವ ತರ್ಕ ಸರಿಯಾದದ್ದೇ: 'ಗುಳಿಗಿ ತಗೊಂಡ ದಿನ ಹೊಟ್ಟ್ಯಾಗ ತೊಳಸ್ತದ, ಬಿಟ್ಟ ದಿನ ಇಲ್ಲ.' ಕಪ್ಪು ಮಲ ಕಂಡಾಗ ಒಳಗೆ ಏನೋ ಕೆಟ್ಟಿದೆ ಎಂದು ಹೆದರುವುದೂ ಸಹಜ. ಇದು ಕಬ್ಬಿಣದ ಬಣ್ಣ, ಹೆದರಬೇಡ ಎಂದು ಮೊದಲೇ ಒಬ್ಬರು ಹೇಳಿದ್ದರೆ ಆ ಹೆದರಿಕೆ ಹುಟ್ಟುವುದಿಲ್ಲ. ನೋಂದಣಿಯ ದಿನ ಒಂದೇ ಸಲ ರಕ್ತ ಪರೀಕ್ಷೆ, ಚುಚ್ಚುಮದ್ದು, ತೂಕ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಎಲ್ಲವೂ ನಡೆಯುವ ಗದ್ದಲದಲ್ಲಿ ಈ ಮಾತು ಬಿಟ್ಟುಹೋಗುತ್ತದೆ. ಮುಂದಿನ ಭೇಟಿ ಒಂದು ತಿಂಗಳ ನಂತರ. ಅಷ್ಟರಲ್ಲಿ ಅವಳು ಮಾತ್ರೆ ಬಿಟ್ಟು ಎರಡು ವಾರ ಕಳೆದಿರುತ್ತದೆ, ಮಾತ್ರೆಯ ಹೊಸ ಪಟ್ಟಿಗಳನ್ನು ಮಾತ್ರ ಮರ್ಯಾದೆಗೆ ಕೈಚಾಚಿ ತೆಗೆದುಕೊಳ್ಳುತ್ತಾಳೆ. ನನ್ನ ದೃಷ್ಟಿಯಲ್ಲಿ ಇಡೀ ಕಾರ್ಯಕ್ರಮದ ಅತಿ ದುರ್ಬಲ ಕೊಂಡಿ ಇದೇ. ಮಾತ್ರೆ ಶುರುವಾದ ವಾರದೊಳಗೆ ಒಂದು ಮನೆಭೇಟಿ ಕಡ್ಡಾಯವಾಗಿ ನಡೆದರೆ, 'ಹೆಂಗದವ್ವ, ಹೊಟ್ಟಿಗೆ ಒಗ್ಗೇದೇನು?' ಎಂದು ಕೇಳುವವರೊಬ್ಬರು ಬಾಗಿಲಿಗೆ ಬಂದರೆ, ಕಪಾಟಿನಲ್ಲಿ ಉಳಿಯುವ ಪಟ್ಟಿಗಳು ಕಡಿಮೆಯಾಗುತ್ತವೆ.

ತೊಂದರೆ ಹೇಳಿಕೊಂಡವಳಿಗೆ ಹೇಳಲು ಉಪಾಯಗಳಿವೆ. ರಾತ್ರಿ ಊಟವಾಗಿ ಒಂದೆರಡು ಗಂಟೆಯ ನಂತರ, ಮಲಗುವ ಮುನ್ನ ತೆಗೆದುಕೊಂಡರೆ ತೊಳಸುವುದು ನಿದ್ದೆಯಲ್ಲಿ ಕಳೆದುಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಸಹಿಸಲಾಗದಿದ್ದರೆ ಸ್ವಲ್ಪ ತಿಂದು ತೆಗೆದುಕೊಳ್ಳಲಿ, ಹೀರಿಕೆ ಕೊಂಚ ಕಡಿಮೆಯಾದರೂ ಬಿಡುವುದಕ್ಕಿಂತ ಅದು ಲೇಸು. ನಿಂಬೆಹಣ್ಣಿನ ಪಾನಕದ ಜೊತೆಗಾದರೆ ಹೀರಿಕೆ ಹೆಚ್ಚುತ್ತದೆ. ಚಹಾದ ಜೊತೆ ಮಾತ್ರ ಬೇಡ, ಅದರ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟು ಹೊರಹಾಕುತ್ತದೆ. ಎದೆಯುರಿಗೆಂದು ಔಷಧ ಅಂಗಡಿಯಿಂದ ತಂದ ಆಮ್ಲಶಾಮಕ ಗುಳಿಗೆಯೂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ. ಮಾತ್ರೆಯಿಂದ ಎದೆಯುರಿ, ಎದೆಯುರಿಗೆ ಇನ್ನೊಂದು ಗುಳಿಗೆ, ಆ ಗುಳಿಗೆಯಿಂದ ಮಾತ್ರೆಯ ಫಲವೇ ಇಲ್ಲ ಎಂಬ ಸುಳಿಯಲ್ಲಿ ಸಿಕ್ಕಿದವರಿಗೆ ತಾವು ಸಿಕ್ಕಿದ್ದೇವೆ ಎಂಬುದೇ ತಿಳಿದಿರುವುದಿಲ್ಲ.

ಇಷ್ಟಕ್ಕೇ ಮುಗಿದರೆ ಸರಿಯಿತ್ತು. ಗರ್ಭಿಣಿಗೆ ಕೊಡುವುದು ಕಬ್ಬಿಣದ ಮಾತ್ರೆಯನ್ನಷ್ಟೇ ಅಲ್ಲ. ರಾಷ್ಟ್ರೀಯ ಮಾರ್ಗಸೂಚಿಯಂತೆ ಹದಿನಾಲ್ಕನೆಯ ವಾರದಿಂದ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಡೆಯುವುದರಿಂದ ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಬೇಕು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದು 7ಕ್ಕಿಂತ ಕೆಳಗಿಳಿಯದವಳಿಗೆ ಕಬ್ಬಿಣದ ಮಾತ್ರೆಯೂ ದಿನಕ್ಕೆ ಎರಡು. ರಾಜ್ಯದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರಾಗಿರುವಾಗ ಈ 'ಎರಡು ಮತ್ತು ಎರಡು' ವೇಳಾಪಟ್ಟಿ ಅಪರೂಪದ್ದಲ್ಲ, ಅದೇ ಸಾಮಾನ್ಯ. ಈಗ ಸಿಂಧನೂರು, ಗಂಗಾವತಿ, ಸಿರುಗುಪ್ಪದ ನೀರಾವರಿ ಸೀಮೆಯಲ್ಲಿ ಭತ್ತ ನಾಟಿಗೆ ಹೋಗುವ, ಅಥವಾ ರಾಯಚೂರು, ಬಳ್ಳಾರಿಯ ಎರೆಹೊಲದಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಗಳ ದಿನವನ್ನು ಈ ವೇಳಾಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಟಂಟಂನಲ್ಲಿ ಹೊಲಕ್ಕೆ ಹೋಗಿ, ಹೊತ್ತು ಮುಳುಗುವಾಗ ಮನೆಗೆ ಬಂದು ಮತ್ತೆ ಒಲೆ ಹಚ್ಚುವವಳು ನಾಲ್ಕು ಮಾತ್ರೆಗಳನ್ನು ನಾಲ್ಕು ಬೇರೆ ಹೊತ್ತಿನಲ್ಲಿ, ಒಂದು ಊಟದ ಜೊತೆ, ಒಂದು ಊಟದಿಂದ ದೂರ ಎಂದು ನೆನಪಿಟ್ಟು ತೆಗೆದುಕೊಳ್ಳಬೇಕು. ಓದಿದವರ ಮನೆಯಲ್ಲೂ ಇದು ಸುಲಭವಲ್ಲ. ಇಂಥ ಕಡೆ ಆಗುವುದು ಎರಡರಲ್ಲೊಂದು: ನಾಲ್ಕನ್ನೂ ಒಟ್ಟಿಗೆ ನುಂಗುವುದು, ಇಲ್ಲವೇ ನಾಲ್ಕನ್ನೂ ಬಿಡುವುದು. ಮೊದಲನೆಯವಳು ವರದಿಯಲ್ಲಿಯೂ ಸಮೀಕ್ಷೆಯಲ್ಲಿಯೂ ಮಾತ್ರೆ ಸೇವಿಸಿದವಳು, ಆದರೆ ರಕ್ತಕ್ಕೆ ಸೇರಿದ ಕಬ್ಬಿಣ ಕಡಿಮೆ.

ಹೊಲದ ಕೆಲಸಕ್ಕೂ ಮಾತ್ರೆಗೂ ಇನ್ನೊಂದು ಸಂಬಂಧವಿದೆ, ಹೇಳಲು ಸಂಕೋಚವಾದರೂ ಹೇಳಲೇಬೇಕು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಬಯಲಿನಲ್ಲಿ ದಿನವಿಡೀ ದುಡಿಯುವ ಹೆಣ್ಣುಮಕ್ಕಳು ನೀರು ಕಡಿಮೆ ಕುಡಿಯುತ್ತಾರೆ, ಏಕೆಂದರೆ ಮರೆಯಿರುವ ಜಾಗ ಹೊಲದಲ್ಲಿ ಸಿಗುವುದಿಲ್ಲ. ಬಯಲಿಗೆ ಹೋಗಬೇಕಾದ ಊರುಗಳಲ್ಲಿ ನಸುಕು ಮತ್ತು ಮುಸ್ಸಂಜೆ ಎರಡೇ ಹೊತ್ತು. ಕಬ್ಬಿಣದಿಂದ ಬರುವ ಮಲಬದ್ಧತೆ ಇಂಥವರಿಗೆ ಸಣ್ಣ ತೊಂದರೆಯಲ್ಲ, ದಿನದ ಯಾತನೆ. ಕಾರ್ಡಿನಲ್ಲಿ ಅದನ್ನು ಬರೆಯಲು ಜಾಗವಿಲ್ಲ, ಪುರುಷ ವೈದ್ಯರ ಮುಂದೆ ಹೇಳಲು ಬಾಯಿ ಬರುವುದಿಲ್ಲ. ಶೌಚಾಲಯ ಮತ್ತು ಕುಡಿಯುವ ನೀರು ಕಬ್ಬಿಣದ ಮಾತ್ರೆಯ ಯೋಜನೆಯ ಭಾಗವೂ ಹೌದು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಮನೆಯೊಳಗಿನ ನಂಬಿಕೆಗಳನ್ನು ಬಹಳ ಲೇಖನಗಳು ಮೊದಲ ಸ್ಥಾನಕ್ಕೆ ತರುತ್ತವೆ. ಮಾತ್ರೆ ತಿಂದರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಕೂಸು ಕಪ್ಪಾಗುತ್ತದೆ, ಗುಳಿಗೆ ಮೈಗೆ ಉಷ್ಣ ಎಂಬ ಮಾತುಗಳು ಇವೆ. ನಮ್ಮ ಕಾಲದಲ್ಲಿ ಇವೆಲ್ಲ ಇಲ್ಲದೆಯೇ ಎಂಟು ಹೆತ್ತೆವು ಎನ್ನುವ ಅತ್ತೆಯೂ ಇದ್ದಾಳೆ. ಆದರೆ ಕೂಸು ದಪ್ಪವಾದೀತು ಎಂಬ ಹೆದರಿಕೆಯ ಹಿಂದೆ ಇರುವುದು ಸಿಸೇರಿಯನ್ನಿನ ಹೆದರಿಕೆ, ದೂರದ ಆಸ್ಪತ್ರೆಯ ಹೆದರಿಕೆ, ಖರ್ಚಿನ ಹೆದರಿಕೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಕಬ್ಬಿಣದ ಕೊರತೆಯಿರುವ ತಾಯಿಗೇ ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಮಗು, ಹೆರಿಗೆಯ ನಂತರ ರಕ್ತಸ್ರಾವದ ಅಪಾಯ ಹೆಚ್ಚು ಎಂದು ಅತ್ತೆಯನ್ನೂ ಕೂರಿಸಿಕೊಂಡು ಹೇಳಿದರೆ, ಮೊಮ್ಮಗುವಿನ ಸಲುವಾಗಿ ಆಕೆಯೇ ಮಾತ್ರೆಯ ಹೊತ್ತನ್ನು ನೆನಪಿಸುವವಳಾಗುತ್ತಾಳೆ. ಹೆರಿಗೆಯ ಹೊತ್ತಿನಲ್ಲಿ ಹಿಮೋಗ್ಲೋಬಿನ್ 12 ಇರುವ ಹೆಣ್ಣು ತಡೆದುಕೊಳ್ಳುವ ರಕ್ತಸ್ರಾವವನ್ನು 7 ಇರುವ ಹೆಣ್ಣು ತಡೆದುಕೊಳ್ಳಲಾರಳು. ದೇವದುರ್ಗದ ಅಂಚಿನ ತಾಂಡಾದಿಂದ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಈ ವ್ಯತ್ಯಾಸವೇ ಜೀವವನ್ನು ಉಳಿಸುತ್ತದೆ ಅಥವಾ ಕಳೆಯುತ್ತದೆ.

ನಂಬಿಕೆಗಿಂತ ದೊಡ್ಡ ತೊಡಕು, ಆದರೆ ಕಡಿಮೆ ಚರ್ಚೆಯಾಗುವುದು, ಹೆಣ್ಣುಮಗಳು ಬಸುರಿನ ನಡುವೆ ಮನೆ ಬದಲಿಸುವುದು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಈ ಭಾಗದ ಗಟ್ಟಿ ಸಂಪ್ರದಾಯ. ಐದರಲ್ಲೋ ಏಳರಲ್ಲೋ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ತವರಿಗೆ ಕರೆದೊಯ್ಯುತ್ತಾರೆ. ಅಲ್ಲಿಂದ ಅವಳು ಗಂಡನ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ 'ತವರಿಗೆ ಹೋಗಿದ್ದಾಳೆ' ಎಂದಾಗುತ್ತಾಳೆ, ತವರೂರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ 'ಹೊರಗಿನಿಂದ ಬಂದವಳು' ಆಗುತ್ತಾಳೆ. ಮೊದಲನೆಯವಳಿಗೆ ಅವಳು ಕಾಣುವುದಿಲ್ಲ, ಎರಡನೆಯವಳ ಮಾತ್ರೆಯ ಬೇಡಿಕೆಯಲ್ಲಿ ಅವಳ ಲೆಕ್ಕ ಇರುವುದಿಲ್ಲ. ಮಗುವಿಗೆ ಕಬ್ಬಿಣದ ಬೇಡಿಕೆ ಅತಿ ಹೆಚ್ಚಾಗುವ ಕೊನೆಯ ಮೂರು ತಿಂಗಳಲ್ಲಿಯೇ ಮಾತ್ರೆಯ ಸರಪಳಿ ಹೀಗೆ ಕಡಿಯುತ್ತದೆ. ತಾಯಿ ಕಾರ್ಡ್ ಕೈಯಲ್ಲಿರುತ್ತದೆ, ಸಂಖ್ಯೆ ಗಣಕಯಂತ್ರದಲ್ಲಿರುತ್ತದೆ. ಆದರೂ ಒಂದು ಊರಿನ ಕಾರ್ಯಕರ್ತೆ ಇನ್ನೊಂದು ಊರಿನ ಕಾರ್ಯಕರ್ತೆಗೆ ಫೋನ್ ಮಾಡಿ 'ಇಂಥವಳು ನಿಮ್ಮೂರಿಗೆ ಬಂದಾಳ, ರಕ್ತ ಕಡಿಮಿ ಐತಿ, ನೋಡ್ರಿ' ಎಂದು ಹೇಳುವುದು ಆಕೆಯ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿದೆ, ಯಾರ ಹೊಣೆಯೂ ಆಗಿಲ್ಲ. ಏಳನೆಯ ತಿಂಗಳ ಭೇಟಿಯಲ್ಲಿಯೇ ತವರೂರಿನ ಹೆಸರು ಕೇಳಿ ಬರೆದುಕೊಂಡು, ಹೆರಿಗೆಯವರೆಗಿನ ಪೂರ್ತಿ ಮಾತ್ರೆಯನ್ನು ಕೈಗಿತ್ತು, ಅಲ್ಲಿನ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸುವುದನ್ನು ನಿಯಮವಾಗಿ ಮಾಡಿದರೆ ಇದಕ್ಕೆ ಹೊಸ ಹಣವೇ ಬೇಕಿಲ್ಲ.

ಗುಳೆಯ ಕಥೆ ಇನ್ನೂ ಕಠಿಣ. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷ ಅದಕ್ಕೂ ಮೊದಲೇ, ರಾಯಚೂರು, ಕೊಪ್ಪಳದ ಒಣಸೀಮೆಯ ಕುಟುಂಬಗಳು ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಬಸುರಿಯೂ ಜೊತೆಗೆ ಹೋಗುತ್ತಾಳೆ, ಏಕೆಂದರೆ ಗಾರೆ ಕೆಲಸದವನಿಗೆ ಅಡುಗೆ ಮಾಡುವವರು ಬೇಕು, ಮುಂಗಡ ತೆಗೆದುಕೊಂಡದ್ದು ಜೋಡಿ ಕೂಲಿಯ ಲೆಕ್ಕದಲ್ಲಿ. ತಗಡಿನ ಶೆಡ್ಡಿನಲ್ಲಿ ಮಾತ್ರೆ ಮುಗಿದರೆ ಆ ನಗರದ ಯಾವ ಆರೋಗ್ಯ ಕೇಂದ್ರಕ್ಕೆ ಹೋಗಬೇಕು ಎಂದು ಅವಳಿಗೆ ಹೇಳುವವರಿಲ್ಲ. ಇಂಥವಳ ಕೈಗೆ ತಿಂಗಳಿಗೆ ಮೂವತ್ತರಂತೆ ಅಳೆದು ಕೊಡುವ ಬದಲು, ಹೊರಡುವ ಮುನ್ನ ಮೂರು ತಿಂಗಳಿನದನ್ನು ಒಟ್ಟಿಗೆ ಕೊಡಬೇಕು. ಊರಲ್ಲೇ ಇರುವವಳಿಗೆ ತಿಂಗಳಿಗೊಮ್ಮೆ ಕೊಡುವುದೇ ಮೇಲು, ಆ ನೆಪದಲ್ಲಾದರೂ ಭೇಟಿ ನಡೆಯುತ್ತದೆ. ಎಲ್ಲರಿಗೂ ಒಂದೇ ನಿಯಮ ಎಂಬ ಕಡೆ ಒಂದು ಗುಂಪು ಸದಾ ಹೊರಗುಳಿಯುತ್ತದೆ.

ಮಾತ್ರೆ ನುಂಗಿಸುವ ಹೊಣೆಯನ್ನು ಸರ್ಕಾರ ತಾನೇ ಹೊತ್ತುಕೊಂಡ ಒಂದು ಯತ್ನವೂ ನಮ್ಮಲ್ಲಿ ನಡೆದಿದೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು ಮತ್ತು ಬಾಣಂತಿಯರು ಅಂಗನವಾಡಿಗೆ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಿ ಅಲ್ಲೇ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ವ್ಯವಸ್ಥೆಯಿತ್ತು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಅದರ ಊಟ. ಅದಕ್ಕೂ ಮುನ್ನ ಪ್ರಾಯೋಗಿಕವಾಗಿ ಆರಿಸಿಕೊಂಡ ನಾಲ್ಕು ತಾಲ್ಲೂಕುಗಳಲ್ಲಿ ರಾಯಚೂರು ಜಿಲ್ಲೆಯ ಮಾನ್ವಿಯೂ ಒಂದು. ಊಟದ ಹಿಂದೆಯೇ ಮಾತ್ರೆ ತೆಗೆದುಕೊಂಡರೆ ಹೀರಿಕೆ ಸ್ವಲ್ಪ ತಗ್ಗುತ್ತದೆ ಎಂಬುದು ನಿಜ. ಆದರೂ ಕಣ್ಣೆದುರು ನುಂಗಿದ ಒಂದು ಮಾತ್ರೆ ಕಪಾಟಿನಲ್ಲಿರುವ ಹತ್ತಕ್ಕಿಂತ ಮೇಲು, ಬಳಿಯಲ್ಲಿ ಕೂತ ನಾಲ್ಕು ಬಸುರಿಯರು ತಮ್ಮ ತಮ್ಮ ಹೊಟ್ಟೆಯ ತೊಂದರೆ ಹಂಚಿಕೊಳ್ಳುವುದೇ ಒಂದು ಧೈರ್ಯ. ಈ ಯೋಚನೆ ಸರಿಯಾಗಿತ್ತು ಎಂದೇ ನಾನು ನಂಬಿದ್ದೇನೆ. ಎಡವಿದ್ದು ಅಂಗನವಾಡಿಯವರೆಗಿನ ದಾರಿಯಲ್ಲಿ. ಕೂಲಿಗೆ ಹೋದವಳು ಮಧ್ಯಾಹ್ನ ಹೊಲ ಬಿಟ್ಟು ಬರಲಾರಳು. ತುಂಬಿದ ಬಸುರಿ ದೂರದ ಓಣಿಗೆ ಉರಿಬಿಸಿಲಲ್ಲಿ ನಡೆದು ಬರಲಾರಳು. ಮನೆಯವರನ್ನು ಬಿಟ್ಟು ತಾನೊಬ್ಬಳೇ ಹೊರಗೆ ಉಣ್ಣುವುದು ಹಲವರಿಗೆ ಮನಸ್ಸಿಗೆ ಒಗ್ಗದು, ಮತ್ತೆ ಕೆಲವರಿಗೆ ಯಾವ ಓಣಿಯಲ್ಲಿ, ಯಾರ ಕೈಯ ಅಡುಗೆ ಎಂಬ ಜಾತಿಯ ಗೋಡೆ ಅಡ್ಡ ಬರುತ್ತದೆ. ಕೋವಿಡ್ ಕಾಲದಲ್ಲಿ ಬಿಸಿಯೂಟದ ಬದಲು ಆಹಾರ ಸಾಮಗ್ರಿಯನ್ನು ಮನೆಗೇ ಕೊಟ್ಟಾಗ ಕಣ್ಣೆದುರು ಮಾತ್ರೆ ನುಂಗುವ ಅಭ್ಯಾಸವೂ ಅದರೊಂದಿಗೆ ಸಡಿಲವಾಯಿತು. ಊಟ ಮನೆಗೆ ಹೋಗಲಿ, ಅಂಗನವಾಡಿಗೆ ಬರಲಿ, ಮಾತ್ರೆಗೆ ಸಾಕ್ಷಿಯಾಗುವ ಒಬ್ಬರು ಇರಬೇಕು: ಅತ್ತೆ, ಗಂಡ, ನಾದಿನಿ, ಪಕ್ಕದ ಮನೆಯ ಅಕ್ಕ ಯಾರಾದರೂ ಆದೀತು. ಗಂಡನನ್ನು ಈ ಹೊಣೆಗೆ ಕರೆದದ್ದು ನಾವು ಬಹಳ ಕಡಿಮೆ. ರಾತ್ರಿ ಮಲಗುವ ಮುನ್ನದ ಮಾತ್ರೆಗೆ ಅವನೇ ತಕ್ಕ ಸಾಕ್ಷಿ.

ಅಳತೆಯ ಪ್ರಶ್ನೆಗೆ ಮರಳೋಣ. ಸೇವನೆಯನ್ನು ತಿಳಿಯಲು ಖಾಲಿ ಪಟ್ಟಿ ತರಿಸಿಕೊಳ್ಳುವುದು ಒಂದು ಕ್ರಮ, ಆದರೆ ಬೈಗುಳಕ್ಕೆ ಹೆದರಿದವಳು ಮಾತ್ರೆ ಬಿಡಿಸಿ ಎಸೆದು ಪಟ್ಟಿ ತರಬಲ್ಲಳು. ಮಲ ಕಪ್ಪಾಗಿದೆಯೇ ಎಂದು ಸಹಜವಾಗಿ ವಿಚಾರಿಸುವುದು ಅದಕ್ಕಿಂತ ನಂಬಿಕೆಯ ಗುರುತು. ಎಲ್ಲಕ್ಕಿಂತ ಖಚಿತವಾದದ್ದು ಹಿಮೋಗ್ಲೋಬಿನ್ ಏರಿಕೆ. ರಕ್ತಹೀನತೆ ಇರುವ ಗರ್ಭಿಣಿಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು, ಒಂದು ತಿಂಗಳ ಚಿಕಿತ್ಸೆಯ ನಂತರ ಒಂದು ಗ್ರಾಂ ಕೂಡ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳಿಸಬೇಕು ಎಂದು ಕಾರ್ಯಕ್ರಮದ ನಿಯಮವೇ ಹೇಳುತ್ತದೆ. ಜಿಲ್ಲೆಯ ಸಭೆಗಳಲ್ಲಿ '180 ಮಾತ್ರೆ ಪಡೆದವರು' ಎಂಬ ಅಂಕಿಯ ಜಾಗಕ್ಕೆ 'ತಿಂಗಳಲ್ಲಿ ಒಂದು ಗ್ರಾಂ ಏರಿದವರು' ಎಂಬ ಅಂಕಿ ಬಂದರೆ ಇಡೀ ವ್ಯವಸ್ಥೆಯ ಗಮನ ಕಪಾಟಿನಿಂದ ರಕ್ತದ ಕಡೆಗೆ ತಿರುಗುತ್ತದೆ. ಅದಕ್ಕೆ ಉಪಕೇಂದ್ರದಲ್ಲಿ ಡಿಜಿಟಲ್ ಯಂತ್ರವೂ ಅದರ ಸ್ಟ್ರಿಪ್ಪುಗಳೂ ತಪ್ಪದೆ ಇರಬೇಕು. ಸ್ಟ್ರಿಪ್ ಇಲ್ಲದ ತಿಂಗಳು ಕಾರ್ಡಿನಲ್ಲಿ ಹಳೆಯ ಅಂಕಿಯೇ ಮತ್ತೆ ಬರೆಯಲ್ಪಡುವ ಅಪಾಯವಿದೆ.

ಈ ಅಳತೆಗೆ ಇನ್ನೊಂದು ಲಾಭವಿದೆ. ನಿಯಮಿತವಾಗಿ ಮಾತ್ರೆ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದ ಹೆಣ್ಣುಮಕ್ಕಳಿದ್ದಾರೆ. ಬಿ12 ಕೊರತೆ, ಬರಿಗಾಲಲ್ಲಿ ಕೆಸರುಗದ್ದೆಯಲ್ಲಿ ದುಡಿಯುವವರಿಗೆ ತಗಲುವ ಕೊಕ್ಕೆಹುಳು, ರಕ್ತದ ಆನುವಂಶಿಕ ದೋಷವಾದ ತಲಸ್ಸೀಮಿಯಾದ ವಾಹಕತೆ ಇವೆಲ್ಲ ಕಾರಣಗಳಾಗಬಹುದು. ಹುಳುವಿಗೆ ಎರಡನೆಯ ತ್ರೈಮಾಸಿಕದಲ್ಲಿ ಅಲ್ಬೆಂಡಜೋಲ್ 400 ಮಿಲಿಗ್ರಾಂನ ಒಂದು ಮಾತ್ರೆ ಕೊಡಬೇಕೆಂದು ನಿಯಮವಿದೆ, ಅದು ಹಲವು ಸಲ ಕಬ್ಬಿಣದ ಮಾತ್ರೆಯ ನೆರಳಲ್ಲಿ ಮರೆತುಹೋಗುತ್ತದೆ. ಇಂಥವಳನ್ನು 'ನೀ ಗುಳಿಗಿ ತಿಂದೇ ಇಲ್ಲ' ಎಂದು ಎಲ್ಲರ ಮುಂದೆ ಗದರಿದರೆ ಅವಳಿಗೆ ಆಗುವ ಅನ್ಯಾಯ ಎರಡು ಪಟ್ಟು. ಅವಳು ಮತ್ತೆ ಆ ಕೇಂದ್ರದ ಕಡೆ ಮುಖ ಹಾಕುವುದಿಲ್ಲ.

ಮಾತ್ರೆಯಿಂದ ಆಗದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಚುಚ್ಚುಮದ್ದುಗಳಿವೆ. ಐರನ್ ಸುಕ್ರೋಸ್ ಹಲವು ಸಲ ಕೊಡಬೇಕಾದದ್ದು, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೆ ಕೊಡಬಹುದಾದದ್ದು. ಬಸುರಿನ ಮೊದಲ ಮೂರು ತಿಂಗಳು ಇವು ಸಲ್ಲವು. ಕೊನೆಯ ತಿಂಗಳುಗಳಲ್ಲಿ ರಕ್ತಹೀನತೆ ಪತ್ತೆಯಾದವಳಿಗೆ, ಮಾತ್ರೆ ಸಹಿಸಲಾರದವಳಿಗೆ, ಗುಳೆ ಹೊರಟವಳಿಗೆ ವೈದ್ಯರ ನಿಗಾದಲ್ಲಿ ಇವು ನಿಜಕ್ಕೂ ವರ. ಆದರೆ ಊರಿನ ಖಾಸಗಿ ವೈದ್ಯನ ಬಳಿ 'ಶಕ್ತಿಗೆ' ಎಂದು ಹಾಕಿಸಿಕೊಳ್ಳುವ ಗ್ಲೂಕೋಸ್ ಬಾಟಲಿಗೂ ಇದಕ್ಕೂ ಸಂಬಂಧವಿಲ್ಲ. ಆ ಬಾಟಲಿಯಲ್ಲಿ ಕಬ್ಬಿಣದ ಕಣವೂ ಇರುವುದಿಲ್ಲ, ದಿನದ ಕೂಲಿಗಿಂತ ಹೆಚ್ಚು ಹಣ ಮಾತ್ರ ಹೋಗುತ್ತದೆ. ಇನ್ನೊಂದೆಡೆ, 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸಾವಿಗೀಡಾದರು. ಅವರಿಗೆ ಬಾಟಲಿಯಿಂದ ರಕ್ತನಾಳಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ರಾಜ್ಯ ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಕಬ್ಬಿಣದ ಮಾತ್ರೆಗೂ ಆ ದುರಂತಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಸರ್ಕಾರಿ ಔಷಧದ ಮೇಲಿನ ಭರವಸೆ ಒಂದೇ ಗಂಟು. ಬಾಟಲಿಯ ವಿಷಯದಲ್ಲಿ ಹೆದರಿದ ಮನೆ ಪಟ್ಟಿಯ ವಿಷಯದಲ್ಲಿಯೂ ಎರಡು ಸಲ ಯೋಚಿಸಿದರೆ ಆಶ್ಚರ್ಯಪಡಬೇಕಿಲ್ಲ. ಔಷಧದ ಗುಣಮಟ್ಟದ ಪರೀಕ್ಷೆಗಳ ಫಲಿತಾಂಶವನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ ಬಹಿರಂಗಪಡಿಸುವುದು ಮಾತ್ರೆ ನುಂಗುವ ಪ್ರಶ್ನೆಗೂ ನೇರವಾಗಿ ತಗಲುವ ಕೆಲಸ.

ಇಷ್ಟೆಲ್ಲದರ ಭಾರ ಕೊನೆಗೆ ಬೀಳುವುದು ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತಿರುವ ಆಶಾ ಕಾರ್ಯಕರ್ತೆಯ ಮೇಲೆ. ಗೌರವಧನದ ಹೆಚ್ಚಳಕ್ಕಾಗಿ ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ರಾತ್ರಿ ಕಳೆಯಬೇಕಾಯಿತು. ಮೇಲೆ ಹೇಳಿದ ಮನೆಭೇಟಿ, ಫೋನ್ ಕರೆ, ಅತ್ತೆಯೊಂದಿಗಿನ ಮಾತು ಎಲ್ಲವೂ ಆಕೆಯ ಸಮಯವನ್ನೇ ಬೇಡುತ್ತವೆ. ಸಮೀಕ್ಷೆಯ ಮೇಲೆ ಸಮೀಕ್ಷೆ, ಮೊಬೈಲ್ ದಾಖಲೆಯ ಮೇಲೆ ದಾಖಲೆ ಹೇರಿ ಆ ಸಮಯವನ್ನು ಕಿತ್ತುಕೊಂಡು, ಮಾತ್ರೆ ಸೇವನೆ ಏಕೆ ಕಡಿಮೆ ಎಂದು ಆಕೆಯನ್ನೇ ಕೇಳುವುದು ನ್ಯಾಯವಲ್ಲ.

ಹೆರಿಗೆಯೊಂದಿಗೆ ಮಾತ್ರೆಯ ಕಾಲ ಮುಗಿಯಿತೆಂದು ಮನೆಗಳಲ್ಲಿಯೂ ಹಲವು ಕೇಂದ್ರಗಳಲ್ಲಿಯೂ ತಿಳಿಯಲಾಗಿದೆ. ನಿಯಮದ ಪ್ರಕಾರ ಹೆರಿಗೆಯ ನಂತರವೂ 180 ದಿನ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳಬೇಕು. ರಕ್ತ ಕಳೆದುಕೊಂಡು ಹಾಲೂಡಿಸುತ್ತಿರುವ ಬಾಣಂತಿಗೆ ಬೆಳ್ಳುಳ್ಳಿ, ಅಳವಿ, ಕೊಬ್ಬರಿಯ ಉಂಡೆ ತಪ್ಪದೆ ಕೊಡುವ ತವರುಮನೆಯಲ್ಲಿ ಕೆಂಪು ಮಾತ್ರೆ ಮಾತ್ರ ಇರುವುದಿಲ್ಲ. ಆ ಹೊತ್ತಿಗೆ ಎಲ್ಲರ ಗಮನ ಮಗುವಿನ ಲಸಿಕೆಯ ಕಡೆಗೆ ತಿರುಗಿರುತ್ತದೆ. ಅದೇ ಲಸಿಕೆಯ ದಿನಗಳನ್ನು, ಅಂದರೆ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರವನ್ನು, ತಾಯಿಯ ಮಾತ್ರೆಯ ದಿನಗಳನ್ನಾಗಿಯೂ ಮಾಡಬಹುದು: ಮಗುವಿಗೆ ಸೂಜಿ ಚುಚ್ಚುವಾಗಲೇ ತಾಯಿಯ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿ, ಮುಂದಿನ ಭೇಟಿಯವರೆಗಿನ ಪಟ್ಟಿಗಳನ್ನು ಅಲ್ಲೇ ಕೊಡಬೇಕು. ಈ ಆರು ತಿಂಗಳು ತಪ್ಪಿದರೆ ಎರಡು ವರ್ಷದೊಳಗೆ ಬರುವ ಮುಂದಿನ ಬಸುರು ಮತ್ತೆ ಖಾಲಿ ಕಣಜದಿಂದಲೇ ಶುರುವಾಗುತ್ತದೆ, ನಾಲ್ಕನೆಯ ತಿಂಗಳಲ್ಲಿ ಕೊಡುವ ಮೊದಲ ಪಟ್ಟಿ ಆಗಲೂ ತಡವಾದದ್ದೇ ಆಗಿರುತ್ತದೆ.